ಕಿಲೇರವ್ವ ಹೇಳಿದ್ದು, ನಾನು ಹೇಳಿದ್ದು

ರೇಣುಕಾ, ನಿನ್ನವ್ವನ ಅಡುಗೆ ಕೆಟ್ಟಿರಲಿಲ್ಲ. ಅವತ್ತು ಆ ಫ್ರಾನ್ಸಿನ ಮೇಡಮ್ಮು ಇಂಗ್ಲಿಷಿನಲ್ಲಿ ಹೇಳಿದ್ದು ಒಂದು, ನಾನು ನಿನ್ನವ್ವನಿಗೆ ಕನ್ನಡದಲ್ಲಿ ಹೇಳಿದ್ದು ಇನ್ನೊಂದು. ಬಾಯಿತಪ್ಪಿ ಹೇಳಿದ್ದಲ್ಲ, ತಿಳಿಯದೆ ಹೇಳಿದ್ದೂ ಅಲ್ಲ — ತಿಳಿದು, ಬೇಕೆಂದೇ ಹೇಳಿದ್ದು. ನಿಮ್ಮಿಬ್ಬರನ್ನೂ ಪಾಂಡಿಚೇರಿಗೆ ಕರೆದಿದ್ದರು. ಅವಳಿಗೆ ಅಡುಗೆಯ ಕೆಲಸ, ನಿನಗೆ ಶಾಲೆ, ಇಬ್ಬರಿಗೂ ಇರಲು ಒಂದು ಕೋಣೆ. ಆ ಮಾತು ನನ್ನ ಬಾಯಿಯವರೆಗೆ ಬಂತು. ಅಲ್ಲಿಂದ ಮುಂದೆ ಹೋಗಲಿಲ್ಲ.

ಇದನ್ನು ನಿನ್ನೆದುರು ಕೂತು ಹೇಳಬೇಕಿತ್ತು. ನಾಲತವಾಡದ ನಿನ್ನ ಮನೆಗೆ ಎರಡು ಸಲ ಬಂದಿದ್ದೂ ಅದಕ್ಕೇ. ನೀನು ಚಹಾ ಮಾಡಿಕೊಟ್ಟೆ, ಮಕ್ಕಳ ಕಾಪಿ ಪುಸ್ತಕ ತೋರಿಸಿದೆ. ನಾನು ಅಕ್ಷರ ದುಂಡಗಿರಬೇಕು ಎಂದು ಉಪದೇಶ ಮಾಡಿ ಬಸ್ಸು ಹತ್ತಿದೆ. ಬಾಯಿಂದ ಹೇಳಹೊರಟರೆ ನಾನು ಮತ್ತೆ ಅರ್ಧಕ್ಕೇ ನಿಲ್ಲಿಸುತ್ತೇನೆ. ಅದಕ್ಕೆ ಬರೆಯುತ್ತಿದ್ದೇನೆ. ಮೂವತ್ತು ಮಕ್ಕಳ ಎದುರು ನಿಂತು ಅನುವಾದ ಕಲಿಸುವವಳು ನಾನು, ಒಂದು ಪದ ಬಿಟ್ಟರೆ ಅರ್ಧ ಅಂಕ ಕಳೆಯುವವಳು! ನಗು ಬಂದರೆ ನಕ್ಕುಬಿಡು, ನನಗೇನೂ ಅನ್ನಿಸುವುದಿಲ್ಲ.

ನಿನಗೆಷ್ಟು ನೆನಪಿದೆಯೋ ಗೊತ್ತಿಲ್ಲ. ಆಗ ನಿನಗೆ ಎಂಟೋ ಒಂಬತ್ತೋ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮೋರಟಗಿಯ ಹೊರಗೆ ನಮ್ಮ ಕಾಕಾನ ದ್ರಾಕ್ಷಿ ತೋಟ ಇತ್ತಲ್ಲ, ಆ ಪಡದಲ್ಲಿ ಬಳ್ಳಿಗೆ ಬೀಳುವ ರೋಗ ನೋಡಿ ಸಲಹೆ ಕೊಡಲು ಫ್ರಾನ್ಸಿನಿಂದ ಒಬ್ಬ ಹೆಂಗಸು ಬಂದಳು. ದೀಪಾವಳಿ ಮುಗಿದ ಮೇಲೆ ಬಂದವಳು ಬಿಸಿಲು ಏರುವವರೆಗೂ ಇದ್ದಳು. ಹೆಸರು ಕ್ಲೇರ್. ಪಡದ ಹೆಂಗಸರ ಬಾಯಲ್ಲಿ ಎರಡೇ ದಿನಕ್ಕೆ ಅದು ಕಿಲೇರವ್ವ ಆಯಿತು. ಅವಳ ಇಂಗ್ಲಿಷನ್ನು ಕನ್ನಡ ಮಾಡಲು ಒಬ್ಬರು ಬೇಕಿತ್ತು. ನಾನು ಬಿ.ಎ. ಮುಗಿಸಿ ಸಿಂದಗಿಯ ಮನೆಯಲ್ಲಿ ಕೂತು, ನೋಡಲು ಬಂದ ವರಗಳ ಎದುರು ಅವಲಕ್ಕಿ ತಟ್ಟೆ ಹಿಡಿದು ನಿಲ್ಲುವ ಕೆಲಸದಲ್ಲಿದ್ದೆ. ನನ್ನ ಹೆತ್ತ ಆಯಿ ಒಪ್ಪಿರಲಿಲ್ಲ. ಕಾಕಾನೇ ತನ್ನ ಅತ್ತಿಗೆಗೆ ಅಂದ, "ಹೆಣ್ಣಮಗಳು ಬಂದಾಳ, ಗಂಡಸಲ್ಲ. ಕಲಿತ ಇಂಗ್ಲಿಷ್ ಒಂದೀಟು ಉಪಯೋಗ ಆಗ್ಲಿ ಬಿಡ್ರಿ ವೈನಿ." ಹಾಗೆ ಮನೆಯ ಹೊಸ್ತಿಲು ದಾಟಿದೆ. ಆ ಐದು ತಿಂಗಳು ನನ್ನ ಜೀವನದಲ್ಲಿ ನಾನು ಅತಿ ಸಂತೋಷವಾಗಿದ್ದ ದಿನಗಳು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನಿನ್ನವ್ವ ದುರ್ಗವ್ವ ಆ ಪಡದಲ್ಲಿ ಚಾಟ್ನಿಯ, ಅಂದರೆ ಬಳ್ಳಿ ಸವರಿದ ಕಡ್ಡಿ ಆರಿಸಲು ಬರುತ್ತಿದ್ದಳು. ಬಳ್ಳಿ ಕತ್ತರಿಸಿದ ಮೇಲೆ ಸಾಲುಸಾಲಾಗಿ ಬೀಳುವ ಆ ಕಡ್ಡಿ ಒಣಗಿದ ಮೇಲೆ ಹೆಂಗಸರು ಹೊರೆ ಕಟ್ಟಿ ಒಲೆಗೆ ಒಯ್ಯುತ್ತಿದ್ದರು. ಒಂದು ಸಂಜೆ ಕ್ಲೇರ್ ಅವಳ ತಲೆಯ ಮೇಲಿನ ಹೊರೆ ನೋಡಿ ಅಲ್ಲೇ ನಿಂತುಬಿಟ್ಟಳು. ಒಂದು ಕಡ್ಡಿ ಎಳೆದು, ಮುರಿದು ಮೂಸಿದಳು. ತಮ್ಮೂರಲ್ಲಿ ಇದೇ ದ್ರಾಕ್ಷಿ ಕಡ್ಡಿಯ ಕೆಂಡದ ಮೇಲೆ ತನ್ನ ಅಪ್ಪ ಹಂದಿಯ ಪಕ್ಕೆಲುಬಿನ ತುಂಡು ಸುಡುತ್ತಿದ್ದ, ಬೆಳಗ್ಗೆಯೇ ಮಸಾಲೆ ಸವರಿಟ್ಟು ಮಧ್ಯಾಹ್ನ ಸುಡುತ್ತಿದ್ದ, ಅಪ್ಪ ಹೋದ ಮೇಲೆ ಆ ರುಚಿ ಸಿಕ್ಕಿಲ್ಲ ಎಂದಳು. ಈ ಹೆಂಗಸಿಗೆ ಹೇಳು ಎಂದಳು.

ನನಗೆ ಹೇಳಲು ಆಗಲಿಲ್ಲ. ನಮ್ಮ ಮನೆಯಲ್ಲಿ ಊಟದ ಮಾತಿನ ನಡುವೆ ಆ ಪ್ರಾಣಿಯ ಹೆಸರು ಎತ್ತಿದವರಲ್ಲ ನಾವು. "ದುರ್ಗವ್ವ, ಅದು... ನೀವು ಹಿತ್ತಲದಾಗ ಸಾಕ್ತೀರಲ್ಲ, ಅದು—" ಎಂದು ತಡವರಿಸಿದೆ. ನಿನ್ನವ್ವ ಹೊರೆ ಇಳಿಸಿ ಸೊಂಟದ ಮೇಲೆ ಕೈಯಿಟ್ಟು ನಕ್ಕಳು.

"ಹಂದಿ ಅನ್ರಿ ಅಕ್ಕಾರ. ನಾಲಿಗಿ ಏನ್ ಸುಡೂದಿಲ್ಲ."

ನಾನು ಅವಳಿಗಿಂತ ಹತ್ತು ವರ್ಷ ಸಣ್ಣವಳು. ಆದರೂ ನಾನು ಅಕ್ಕಾರು, ಅವಳು ಬರೀ ದುರ್ಗವ್ವ. ಅದು ಆಗ ಅವಳಿಗೂ ವಿಚಿತ್ರ ಅನ್ನಿಸಲಿಲ್ಲ, ನನಗಂತೂ ಇಲ್ಲವೇ ಇಲ್ಲ.

ಕಾಕಾ, ತನ್ನ ಪಡದಲ್ಲಿ ಮಾತ್ರ ಖಂಡ ಸುಡುವುದು ಬೇಡ ಎಂದ. ಹಾಗಾಗಿ ವಾರಕ್ಕೊಮ್ಮೆ ನಿಮ್ಮ ಅಂಗಳ. ನೀನು ಶಾಲೆಗೆ ಹೋಗಿರುತ್ತಿದ್ದೆ. ನಾನು ಹೊರಸಿನ ತುದಿಗೆ, ಮೂಗಿಗೆ ಕರವಸ್ತ್ರ ಹಿಡಿದು, ಮನೆಯಿಂದ ಒಯ್ದ ನೀರಿನ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಕ್ಲೇರ್ ನೆಲದ ಮೇಲೆ. ಮೊದಲು ಖಂಡ ಕೊಯ್ಯುವುದರಲ್ಲೇ ಜಗಳ. ನಿನ್ನ ಸೋದರಮಾವ ರೂಢಿಯಂತೆ ಸಣ್ಣ ಸಣ್ಣ ತುಂಡು ಮಾಡಿಟ್ಟಿದ್ದ. ಇವಳಿಗೆ ಎಲುಬಿನ ಸಮೇತ ಎರಡು ಬೆರಳು ದಪ್ಪದ ತುಂಡೇ ಬೇಕು. ಬೆಳ್ಳುಳ್ಳಿ ಜಜ್ಜಿ, ಸಾಸಿವೆ ಅರೆದು, ಮೆಣಸು ಕುಟ್ಟಿ, ಕುಸುಬಿ ಎಣ್ಣೆಯಲ್ಲಿ ಕಲಸಬೇಕು. ಅವರಲ್ಲಿ ದ್ರಾಕ್ಷಿಯ ಹುಳಿ ಹಾಕುತ್ತಾರಂತೆ. ಇಲ್ಲಿ ಇಂಡಿ ಊರಿನ ನಿಂಬೆಹಣ್ಣು ಹಿಂಡಿದರು. ಅದನ್ನು ಸವರಿ, ಮಡಕೆಯಲ್ಲಿಟ್ಟು, ಹಸಿ ಬಟ್ಟೆ ಮುಚ್ಚಿ ಮಧ್ಯಾಹ್ನದವರೆಗೆ ಬಿಡಬೇಕು. ದ್ರಾಕ್ಷಿ ಕಡ್ಡಿ ಭರ್ರನೆ ಉರಿದು ಬೇಗ ಆರುತ್ತದೆ. ಉರಿ ಕೂತು ಕೆಂಡ ಬೆಳ್ಳಗಾಗುವ ಆ ಸ್ವಲ್ಪ ಹೊತ್ತಿನಲ್ಲೇ ಕಬ್ಬಿಣದ ಜಾಳಿಯ ಮೇಲೆ ತುಂಡು ಬೀಳಬೇಕು. ಮೊದಲೆರಡು ಸಲ ಕ್ಲೇರ್ ತುಂಡನ್ನು ಕರಕಲು ಮಾಡಿದಳು. ಮೂರನೆಯ ಸಲ ನಿನ್ನವ್ವ ಅವಳ ಕೈಯಿಂದ ಚಿಮಟಿಗೆ ಕಸಿದುಕೊಂಡಳು.

ಸುಟ್ಟ ಮೇಲೆ ಕೂಡಲೆ ತಿನ್ನಬಾರದು, ಮುಚ್ಚಿಟ್ಟು ತುಸು ಹೊತ್ತು ಬಿಡಬೇಕು ಎಂದಾಗ ನಿನ್ನವ್ವನಿಗೆ ಸಿಟ್ಟೇ ಬಂತು. "ಬಿಸಿ ಬಿಸಿ ತಿನ್ನೂದು ಬಿಟ್ಟು ಅದರ ಮುಖಾ ನೋಡ್ಕೋತ ಕುಂಡ್ರೂದೇನ್ರಿ? ಏನ್ ಜನಾರೀ ಇವ್ರು!" ಅದನ್ನು ನಾನು ಪದಪದಕ್ಕೂ ಇಂಗ್ಲಿಷ್ ಮಾಡಿ ಹೇಳಿದೆ. ಕ್ಲೇರ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಗೆಲ್ಲ ನಾನು ಒಂದು ಪದವನ್ನೂ ಬಿಡುತ್ತಿರಲಿಲ್ಲ, ರೇಣುಕಾ. ಆಗ ನಾನು ಒಳ್ಳೆಯ ದುಭಾಷಿಯಾಗಿದ್ದೆ.

ಕ್ಲೇರ್ ತನ್ನೂರಿನಿಂದ ಒಂದು ಸಣ್ಣ ಡಬ್ಬಿಯಲ್ಲಿ ಒಣ ಎಲೆ ತಂದಿದ್ದಳು. ಅದಿಲ್ಲದೆ ಆ ಅಡುಗೆಯೇ ಇಲ್ಲ ಅನ್ನುತ್ತಿದ್ದಳು. ಫೆಬ್ರುವರಿಯಲ್ಲಿ ಅದು ಮುಗಿದುಹೋಯಿತು. ಅವಳು ಮುಖ ಸಣ್ಣದು ಮಾಡಿಕೊಂಡು ಕೂತಾಗ ನಿನ್ನವ್ವ ಬರಿದಾದ ಡಬ್ಬಿಗೆ ಮೂಗಿಟ್ಟಳು, ಒಳಗೆ ಹೋದಳು, ಅಂಗೈಯಲ್ಲಿ ಅಜವಾನ ತಿಕ್ಕುತ್ತ ಬಂದಳು. "ಇದು ಅದರ ಅಕ್ಕನ ಐತಿ ನೋಡ್ರಿ ಅಕ್ಕಾರ. ಮೂಸಾಕ ಹೇಳ್ರಿ." ಕ್ಲೇರ್ ಮೂಸಿದಳು. ಕಣ್ಣು ದೊಡ್ಡದಾಯಿತು. ಯಾರೂ ಹೇಳಿಕೊಡದೆ, ಬರೀ ಮೂಗಿನಿಂದ ಇವಳಿಗೆ ಇದು ಹೇಗೆ ತಿಳಿಯಿತು ಎಂದು ದಾರಿಯುದ್ದಕ್ಕೂ ನನ್ನನ್ನು ಕೇಳಿದಳು. ನನಗೆ ಆ ಪ್ರಶ್ನೆ ಹಿಡಿಸಲಿಲ್ಲ. ಅಷ್ಟು ತಿಂಗಳಲ್ಲಿ ನನ್ನ ಇಂಗ್ಲಿಷನ್ನು ಅವಳು ಒಮ್ಮೆಯೂ ಹಾಗೆ ಹೊಗಳಿರಲಿಲ್ಲ.

ಕೆಂಡ ಕೂರುವುದನ್ನು ಕಾಯುವಾಗ ನಿನ್ನವ್ವ ಮಾತಾಡುತ್ತಿದ್ದುದು ಒಂದೇ ಸಂಗತಿ — ನೀನು. "ನನ್ನ ಮಗಳ ತಲಿ ಮ್ಯಾಲ ಈ ಕಡ್ಡಿ ಹೊರಿ ಬರಬಾರದ್ರಿ ಅಕ್ಕಾರ. ನಿಮ್ಮಂಗ ಕಲೀಬೇಕು. ನಿಮ್ಮಂಗ ಇಂಗ್ಲಿಷ್ ಒದರಬೇಕು." ನಿನ್ನಪ್ಪ ತೀರಿಕೊಂಡು ಆಗ ಎರಡು ವರ್ಷ. ಅವಳ ಆಸೆ ಅದೊಂದೇ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅನ್ನುವ ದಾರಿಯೂ ನನಗಿಲ್ಲ.

ಮಾರ್ಚಿನಲ್ಲಿ ಕ್ಲೇರ್ ಹೊರಡುವ ದಿನ ಬಂತು. ಒಂದು ವಾರ ಮೊದಲೇ ಅವಳು ನನಗೆ, "ಹೋಗುವ ಮುಂಚೆ ಒಂದು ಮುಖ್ಯ ವಿಷಯ ಕೇಳುವುದಿದೆ, ನಿನ್ನ ಸಹಾಯ ಬೇಕು" ಎಂದಿದ್ದಳು. ಅವಳ ಅಕ್ಕ ಪಾಂಡಿಚೇರಿಯಲ್ಲಿ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದುದು ನನಗೆ ಗೊತ್ತಿತ್ತು. ಪತ್ರ ಬರೆಯಲು, ಬಂದವರೊಡನೆ ಮಾತಾಡಲು ಒಬ್ಬಳು ಬೇಕಿರಬಹುದು, ನನ್ನನ್ನೇ ಕೇಳುತ್ತಾಳೆ — ಹಾಗೆಂದು ನಾನೇ ಅಂದುಕೊಂಡೆ. ಆ ವಾರವೇ ಬಸವನ ಬಾಗೇವಾಡಿಯ ವರನ ಕಡೆಯವರು ಒಪ್ಪಿಗೆ ತಿಳಿಸಿದ್ದರು. ನಾನು ಆಯಿಗೆ ಏನು ಹೇಳಬೇಕು, ಕಾಕಾನನ್ನು ಹೇಗೆ ಒಪ್ಪಿಸಬೇಕು, ಎಲ್ಲ ಮನಸ್ಸಿನಲ್ಲೇ ಹೊಂದಿಸಿಟ್ಟುಕೊಂಡೆ. ಅವತ್ತು ಇಸ್ತ್ರಿ ಸೀರೆ ಉಟ್ಟು, ಚೀಲದಲ್ಲಿ ಬಿ.ಎ. ಅಂಕಪಟ್ಟಿ ಇಟ್ಟುಕೊಂಡು ನಿಮ್ಮ ಅಂಗಳಕ್ಕೆ ಬಂದೆ. ಅಂಕಪಟ್ಟಿ! ಯಾರು ಕೇಳಿದ್ದರು ನನ್ನ ಅಂಕಪಟ್ಟಿಯನ್ನು?

ನಿನ್ನವ್ವ ಅಂಗಳ ಸಾರಿಸಿದ್ದಳು. ಎರಡು ಒಲೆ ಹೂಡಿದ್ದಳು. ಒಂದರ ಮೇಲೆ ಕ್ಲೇರ್‌ಗೆ ಖಂಡ. ಇನ್ನೊಂದು ದೂರದಲ್ಲಿ, ಹೊಸ ಕಲ್ಲಿನದು, ಅದರ ಮೇಲೆ ಬದನೆಕಾಯಿ — ಅದೇ ನಿಂಬೆಹುಳಿ, ಬೆಳ್ಳುಳ್ಳಿ, ಅಜವಾನ ಸವರಿದ್ದು. "ಇದು ನಿಮಗ್ರಿ ಅಕ್ಕಾರ. ಬ್ಯಾರೆ ಕಲ್ಲು, ಬ್ಯಾರೆ ಬೋಗಾಣಿ, ಮತ್ತ ಜಳಕಾ ಮಾಡಿ ಮಾಡೇನಿ. ಐದು ತಿಂಗಳು ನಮ್ಮ ಅಂಗಳದಾಗ ಉಪಾಸ ಕುಂತೀರಿ, ಇವತ್ತರ ಒಂದು ತುತ್ತು ತಿನ್ರಿ." ನಾನು ತಿಂದೆ. ನಿಮ್ಮ ಮನೆಯಲ್ಲಿ ನಾನು ತಿಂದ ಮೊದಲ ತುತ್ತು ಅದು. ಅಷ್ಟು ರುಚಿಯಾದ ಬದನೆಕಾಯಿಯನ್ನು ಆಮೇಲೆ ನಾನು ತಿಂದಿಲ್ಲ.

ಕ್ಲೇರ್ ತನ್ನ ತುಂಡಿನಲ್ಲಿ ಅರ್ಧ ತಿಂದಳು. ತಟ್ಟೆ ಕೆಳಗಿಟ್ಟಳು. ನನ್ನ ಕಡೆ ತಿರುಗಿ, ನಿಧಾನವಾಗಿ, ನನಗೆ ಒಂದೂ ಪದ ತಪ್ಪದಿರಲೆಂದು ಬಿಡಿಸಿ ಬಿಡಿಸಿ ಹೇಳಿದಳು: "ಇಷ್ಟು ಸಾಕು ನನಗೆ. ನನ್ನ ಅಪ್ಪನ ಅಡುಗೆ ಇದು, ಅದಕ್ಕಿಂತ ಒಂದು ಕೈ ಹೆಚ್ಚೇ. ನನ್ನ ಅಕ್ಕನಿಗೆ ಇಂಥ ಕೈಯೇ ಬೇಕಾಗಿದೆ. ಮಗಳನ್ನು ಕರೆದುಕೊಂಡು ಪಾಂಡಿಚೇರಿಗೆ ಬರುತ್ತಾಳಾ ಎಂದು ಕೇಳು. ಇರಲು ಕೋಣೆ ಕೊಡುತ್ತೇವೆ. ಹುಡುಗಿಯನ್ನು ಒಳ್ಳೆಯ ಶಾಲೆಗೆ ಹಾಕುವುದು ನನ್ನ ಜವಾಬ್ದಾರಿ."

ನಿನ್ನವ್ವ ಚಿಮಟಿಗೆ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕ್ಲೇರ್‌ನ ಬಾಯಿಯನ್ನಲ್ಲ, ನನ್ನದನ್ನು. ಅವಳಿಗೆ ಆ ಹೆಂಗಸಿನ ಮಾತೆಂದರೆ ನನ್ನ ಬಾಯಿಂದ ಬರುವುದೇ.

"ಸಾಕಂತ" ಎಂದೆ.

ಅಷ್ಟೇ. ಕ್ಲೇರ್ ಹೇಳಿದ ಮೊದಲ ಮಾತನ್ನೇ ಹೇಳಿದೆ, ನೋಡು. ಸುಳ್ಳು ಎಂದು ಯಾರೂ ಹಿಡಿಯಲಾರರು. ನಿನ್ನವ್ವ ಅರ್ಧ ಉಳಿದ ತಟ್ಟೆಯನ್ನು ನೋಡಿದಳು. "ಚೊಲೊ ಆಗಿಲ್ಲೇನ್ರಿ?"

"ಸಾಕು ಅಂದ್ರು ದುರ್ಗವ್ವ. ಅಷ್ಟ."

"ಸಾಕಾದ್ರ ಸಾಕ್ರಿ" ಎಂದು ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಏನಂತಾಳೆ ಎಂದು ಕ್ಲೇರ್ ನನ್ನನ್ನು ಕೇಳಿದಳು. ತನ್ನ ಜನರನ್ನು ಬಿಟ್ಟು ಬರುವುದಿಲ್ಲವಂತೆ ಎಂದೆ. ಮಗಳ ಶಾಲೆಯ ಮಾತು ಹೇಳಿದೆಯಾ ಎಂದಳು. ಹೇಳಿದೆ ಎಂದೆ. ಕ್ಲೇರ್ ಎದ್ದು ಹೋಗಿ ನಿನ್ನವ್ವನ ಎರಡೂ ಕೈ ಹಿಡಿದುಕೊಂಡು ಅತ್ತಳು. ನಿನ್ನವ್ವ ಅದನ್ನು ಸಮಾಧಾನದ ಮಾತೆಂದು ತಿಳಿದಳು — ಅಡುಗೆ ಕೆಟ್ಟರೂ ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳುತ್ತಿದ್ದಾಳೆಂದು. ತಲೆ ತಗ್ಗಿಸಿ, "ತಪ್ಪ ತಿಳ್ಕೋಬ್ಯಾಡಂತ ಹೇಳ್ರಿ ಅಕ್ಕಾರ" ಎಂದಳು. ಅದನ್ನೂ ನಾನು ಹೇಳಲಿಲ್ಲ.

ಯಾಕೆ ಹಾಗೆ ಮಾಡಿದೆ? ಅವಳಿಗೆ ಅಲ್ಲಿಯ ಭಾಷೆ ಬರುವುದಿಲ್ಲ, ಗುರುತಿಲ್ಲದ ಊರಿನಲ್ಲಿ ಒಬ್ಬಳೇ ಏನು ಮಾಡಿಯಾಳು, ಒಳ್ಳೆಯದೇ ಆಯಿತು — ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದ್ಯಾವುದೂ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇರಲಿಲ್ಲ. ಇದ್ದದ್ದು ಹೊಟ್ಟೆಕಿಚ್ಚು. ಓದಿದವಳು ನಾನು, ಕರೆ ಬಂದಿದ್ದು ಸಹಿ ಮಾಡಲೂ ಬಾರದ ದುರ್ಗವ್ವನಿಗೆ. ಹಂದಿ ಸುಡುವವಳಿಗೆ! — ಹೌದು, ಹಾಗೆಯೇ ಅಂದುಕೊಂಡೆ, ಅದೇ ಮಾತುಗಳಲ್ಲಿ, ಅವಳು ಸ್ನಾನ ಮಾಡಿ ಸುಟ್ಟುಕೊಟ್ಟ ಬದನೆಕಾಯಿ ಇನ್ನೂ ನನ್ನ ಬಾಯಲ್ಲಿರುವಾಗಲೇ.

ಮೇ ತಿಂಗಳಲ್ಲಿ ನನ್ನ ಮದುವೆಯಾಯಿತು, ಬಾಗೇವಾಡಿಗೆ ಬಂದೆ. ತವರಿಗೆ ಹೋದಾಗಲೆಲ್ಲ ಸಿಂದಗಿಯ ಸಂತೆಯಲ್ಲಿ ನಿನ್ನವ್ವ ಸಿಗುತ್ತಿದ್ದಳು. ನನ್ನ ಗಂಡ, ಅತ್ತೆ-ಮಾವ, ಎಲ್ಲರ ಕ್ಷೇಮ ಕೇಳಿದ ಮೇಲೆ ದನಿ ತಗ್ಗಿಸಿ ಅದೊಂದನ್ನು ಕೇಳುತ್ತಿದ್ದಳು: "ಅವತ್ತ ಏನ್ ತಪ್ಪಿತ್ತರಿ ಅಕ್ಕಾರ? ಉಪ್ಪೇನು? ಕೆಂಡ ಆರಿತ್ತೇನು?" ಮೊದಲ ವರ್ಷ ಕೇಳಿದಳು. ಎರಡನೆಯ ವರ್ಷವೂ ಕೇಳಿದಳು. ಏನೂ ತಪ್ಪಿರಲಿಲ್ಲ ಎಂದಷ್ಟಾದರೂ ಹೇಳಬಹುದಿತ್ತು. ಹಾಗೆಂದರೆ, ಮತ್ತೆ ಸಾಕೆಂದದ್ದು ಯಾಕೆ ಎಂದು ಕೇಳುತ್ತಾಳಲ್ಲ ಎಂಬ ಹೆದರಿಕೆ. ಮೂರನೆಯ ಸಲ, ಹೇಗಾದರೂ ಈ ಪ್ರಶ್ನೆ ಮುಗಿಯಲಿ ಎಂದು, "ಅಜವಾನ ಹಾಕಬಾರದಿತ್ತು" ಎಂದುಬಿಟ್ಟೆ.

"ಹೌದ್ರಿ. ನಾನ ಶಾಣ್ಯಾಕಿ ಆಗಾಕ ಹೋದ್ನೆಲ್ಲ" ಎಂದಳು. ಆಮೇಲೆ ಎಂದೂ ಕೇಳಲಿಲ್ಲ. ಮೊನ್ನೆ ನಾನು ನಿನ್ನ ಮನೆಗೆ ಬಂದಾಗ ನೀನು ಯಾವುದೋ ಮಾತಿಗೆ ನಗುತ್ತ, "ನಮ್ಮವ್ವ ಖಂಡಕ್ಕ ಅಜವಾನ ಮುಟ್ಟಿಸಗೊಡ್ತಿರಲಿಲ್ಲ ನೋಡ್ರಿ, ಯಾಕೋ ಏನೋ" ಎಂದೆ. ನಾನು ಚಹಾದ ಲೋಟ ಕೆಳಗಿಟ್ಟೆ. ನಿನಗೆ ಅದು ನೆನಪಿರಲಾರದು.

ಒಂದು ಪತ್ರವೂ ಬಂದಿತ್ತು. ಮದುವೆಯಾದ ವರ್ಷ ಪಂಚಮಿಗೆ ತವರಿಗೆ ಹೋದಾಗ, ನನ್ನ ಹೆಸರಿಗೆ. ದುರ್ಗವ್ವನ ಮನಸ್ಸು ಬದಲಾದರೆ ಜಾಗ ಇನ್ನೂ ಇದೆ, ಹುಡುಗಿಯನ್ನು ಮುಂದಿನ ವರ್ಷ ಶಾಲೆಗೆ ಸೇರಿಸಬಹುದು, ಅವಳಿಗೆ ಓದಿ ಹೇಳು ಎಂದು ಕ್ಲೇರ್ ಬರೆದಿದ್ದಳು. ಅಂಗಳದಲ್ಲಿ ಆಡಿದ್ದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಆದದ್ದು ಎಂದರೆ, ಇದಕ್ಕೇನನ್ನಲಿ? ಇದಕ್ಕೆ ನನಗೆ ತಿಂಗಳುಗಟ್ಟಲೆ ಸಮಯವಿತ್ತು. ಮೋರಟಗಿಗೆ ದಿನಕ್ಕೆ ಎಷ್ಟೋ ಬಸ್ಸುಗಳಿದ್ದವು. ನಾನು ಅದನ್ನು ಟ್ರಂಕಿನ ತಳದ ಕಾಗದದ ಕೆಳಗೆ ಸೇರಿಸಿಟ್ಟೆ, ಉತ್ತರ ಬರೆಯಲಿಲ್ಲ. ನೀನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅದೇ ಪಡದಲ್ಲಿ ಕಡ್ಡಿ ಹೊರಲು ನಿಂತೆ ಎಂದು ಕಾಕಾ ಹೇಳಿದಾಗ ಆ ಪತ್ರ ಅಲ್ಲೇ ಇತ್ತು. ಈಗ ಅದನ್ನು ಇದರ ಜೊತೆ ಇಡುತ್ತಿದ್ದೇನೆ. ಒಂದೊಂದು ಸಾಲಿನ ಕೆಳಗೂ ಕನ್ನಡದಲ್ಲಿ ಬರೆದಿದ್ದೇನೆ, ಏನನ್ನೂ ಬಿಟ್ಟಿಲ್ಲ. ನಂಬಿಕೆ ಬರದಿದ್ದರೆ ಇಂಗ್ಲಿಷ್ ಬಲ್ಲ ಬೇರೆ ಯಾರಿಗಾದರೂ ತೋರಿಸು. ತೋರಿಸಲೇಬೇಕು ನೀನು.

ಇನ್ನೊಂದು ಉಳಿದಿದೆ. ಇದು ಎಲ್ಲಕ್ಕಿಂತ ಕೆಟ್ಟದ್ದು, ಅದಕ್ಕೇ ಇಲ್ಲಿಯವರೆಗೆ ತಡೆದೆ.

ನಿನ್ನವ್ವನನ್ನು ಬಾಗೇವಾಡಿಯ ಆಸ್ಪತ್ರೆಗೆ ಸೇರಿಸಿದ್ದಿರಲ್ಲ, ಅವಳ ಕೊನೆಯ ವರ್ಷ. ಸುದ್ದಿ ತಿಳಿದು ಒಂದು ಮಧ್ಯಾಹ್ನ ಹೋದೆ. ನೀನು ಔಷಧಿ ತರಲು ಹೊರಗೆ ಹೋಗಿದ್ದೆ. ನಾನು ಹೇಳಿಬಿಡಬೇಕೆಂದೇ ಹೋಗಿದ್ದೆ, ಆಣೆ ಮಾಡಿ ಹೇಳುತ್ತೇನೆ. ಅವಳು ನನ್ನನ್ನು ನೋಡಿ ಏಳಲು ಹೋದಳು, ಆಗಲಿಲ್ಲ. ನಾನು ಮಂಚದ ಅಂಚಿಗೆ ಕೂತೆ. "ದುರ್ಗವ್ವ, ಅವತ್ತ ಕಿಲೇರವ್ವ—" ಎಂದೆ.

ಅವಳು ನನಗೆ ಮುಂದೆ ಮಾತಾಡಗೊಡಲಿಲ್ಲ. "ಅದನ್ನ ನಾನೂ ಹೇಳ್ಬೇಕಂತ ಇದ್ದೇನ್ರಿ ಅಕ್ಕಾರ" ಎಂದಳು. ಉಸಿರಿಗಾಗಿ ನಿಂತು ನಿಂತು ಹೇಳಿದಳು: "ನಿಮ್ಮನ್ನ ನಂಬಿ ಆಕಿ ನಮ್ಮ ಮನಿಗಿ ಬಂದಿದ್ಲು. ನಾನು ಅಡಗಿ ಕೆಡಿಸಿ ಆಕಿ ಮುಂದ ನಿಮ್ಮ ಮರ್ಯಾದಿ ಕಳದೆ. ಇಷ್ಟ ವರ್ಷ ಮನಸಿನಾಗ ಅದ ಕೊರೀತಿತ್ತು. ನಂದು ತಪ್ಪಾತ್ರಿ. ಹೊಟ್ಟ್ಯಾಗ ಹಾಕ್ಕೋರಿ."

ಆಗ ನನ್ನ ಕೈ ಅವಳ ಕೈಯಲ್ಲಿತ್ತು. ಹೇಳಲು ಅದಕ್ಕಿಂತ ಸುಲಭದ ಗಳಿಗೆ ಇನ್ನಾವುದಿತ್ತು? ಒಂದೇ ಒಂದು ಮಾತು ಸಾಕಿತ್ತು, ರೇಣುಕಾ. ನಿನ್ನವ್ವ ಉತ್ತರಕ್ಕಾಗಿ ನನ್ನ ಬಾಯಿ ನೋಡುತ್ತಿದ್ದಳು.

"ಇರಲಿ ಬಿಡು ದುರ್ಗವ್ವ" ಎಂದೆ. "ನಾ ಏನೂ ಮನಸಿಗಿ ಹಚ್ಚಿಕೊಂಡಿಲ್ಲ."

ಅವಳ ಮುಖದಲ್ಲಿ ಎಷ್ಟೊಂದು ಸಮಾಧಾನ! ಕೈ ಮುಗಿದಳು. ನಾನು ಅವಳನ್ನು ಕ್ಷಮಿಸಿ ಮನೆಗೆ ಬಂದೆ.